ರನ್‌ವೇ ಅಂಕಿ ಮತ್ತು ಜಾರುವ ಉತ್ತರ

ಮುಂಬೈಯಲ್ಲಿ ವಿಮಾನ ಹಾರುವ ಮುನ್ನ ರನ್‌ವೇಯ ತುದಿಗೆ ಬಂದು ತಿರುಗುವಾಗ, ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೆ, ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ದೊಡ್ಡ ಅಂಕಿ ಕಂಡೀತು: 27. ಹೈದರಾಬಾದಿನಲ್ಲೂ ಅದೇ 27, ಬೆಂಗಳೂರಿನ ಎರಡು ರನ್‌ವೇಗಳಲ್ಲೂ ಅದೇ. ಚೆನ್ನೈಯ ಮುಖ್ಯ ರನ್‌ವೇ ಮಾತ್ರ 25. ಮನೆ ನಂಬರಿನಂತೆ ಯಾರೋ ಸಾಲಾಗಿ ಕೊಟ್ಟ ಸಂಖ್ಯೆ ಇದಲ್ಲ. ದಿಕ್ಸೂಚಿಯ ಸೂಜಿ ತೋರುವ ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ಎಂದು ಅಳೆದು, ಹತ್ತಿರದ ಹತ್ತಕ್ಕೆ ಹೊಂದಿಸಿ, ಕೊನೆಯ ಸೊನ್ನೆ ತೆಗೆದರೆ ಬರುವ ಅಂಕಿ. 27 ಎಂದರೆ ಸುಮಾರು 270 ಡಿಗ್ರಿ, ಅಂದರೆ ಪಡುವಣ. ಅದೇ ರನ್‌ವೇಯ ಇನ್ನೊಂದು ತುದಿಯಲ್ಲಿ ಮೂಡಣಕ್ಕೆ ಹೊರಟವರಿಗೆ 09 ಎಂದಿರುತ್ತದೆ.

ಭಾಷಾಶಾಸ್ತ್ರ ಓದಿದ ನನಗೆ ಇದರಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಮುಂಬೈ ಕೋಟೆಯ ಚರ್ಚ್‌ಗೇಟ್ ಎಂಬ ಬಾಗಿಲನ್ನು ಕೆಡವಿ ನೂರೈವತ್ತು ವರ್ಷಗಳ ಮೇಲಾಯಿತು, ಸ್ಟೇಷನ್ನಿಗೆ ಆ ಹೆಸರು ಇನ್ನೂ ಇದೆ. ವಸ್ತು ಹೋದರೂ ಹೆಸರು ಉಳಿಯುತ್ತದೆ. ರನ್‌ವೇಯಲ್ಲಿ ಇದು ತಲೆಕೆಳಗು. ಕಾಂಕ್ರೀಟು ಒಂದಿಂಚೂ ಕದಲದಿದ್ದರೂ ಹೆಸರು ಬದಲಾಗುತ್ತದೆ. ಲಂಡನ್ ಹತ್ತಿರದ ಸ್ಟ್ಯಾನ್‌ಸ್ಟೆಡ್‌ನಲ್ಲಿ 05/23 ಎಂದಿದ್ದ ರನ್‌ವೇ 2009ರಲ್ಲಿ 04/22 ಆಯಿತು. 2011ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿ ಮುಖ್ಯ ರನ್‌ವೇಯನ್ನೇ ಕೆಲವು ದಿನ ಮುಚ್ಚಿ 18 ಇದ್ದಲ್ಲಿ 19 ಎಂದು ಬರೆದರು. ಅಂಕಿ ಬದಲಾದರೆ ದಾರಿಬದಿಯ ಫಲಕ, ನಕ್ಷೆ, ಪೈಲಟ್‌ಗಳ ಕೈಪಿಡಿ, ವಿಮಾನದ ಕಂಪ್ಯೂಟರಿನಲ್ಲಿರುವ ಮಾಹಿತಿ ಎಲ್ಲವೂ ಒಂದೇ ದಿನಕ್ಕೆ ಬದಲಾಗಬೇಕು.

ಸೂಜಿ ನಿಜವಾದ ಉತ್ತರವನ್ನು ತೋರುವುದಿಲ್ಲ ಎಂಬುದು ನಾವಿಕರಿಗೆ ಹಿಂದಿನಿಂದಲೂ ಗೊತ್ತಿತ್ತು. ಈ ವ್ಯತ್ಯಾಸದ ಕೋನವನ್ನು ಇಲ್ಲಿ ಸೂಜಿಯ ಓರೆ ಎನ್ನೋಣ. ಒಂದೊಂದು ಊರಲ್ಲಿ ಒಂದೊಂದು ಓರೆ, ಆದರೆ ಆ ಊರಿನ ಮಟ್ಟಿಗೆ ಅದು ಸ್ಥಿರ ಎಂದು ನಂಬಿದ್ದರು. 1600ರಲ್ಲಿ ಭೂಮಿಯೇ ಒಂದು ಅಯಸ್ಕಾಂತ ಎಂದು ಸಾರಿದ ವಿಲಿಯಂ ಗಿಲ್ಬರ್ಟ್ ಕೂಡ ಹಾಗೇ ಬರೆದ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 1580ರಲ್ಲಿ ವಿಲಿಯಂ ಬರೋ ಅಳೆದಾಗ ಸೂಜಿ ನಿಜ ಉತ್ತರದಿಂದ 11 ಡಿಗ್ರಿಯಷ್ಟು ಮೂಡಣಕ್ಕೆ ಓರೆಯಾಗಿತ್ತು. 1622ರಲ್ಲಿ ಎಡ್ಮಂಡ್ ಗುಂಟರ್ ಅಳೆದರೆ ಸುಮಾರು 6. ಬರೋನ ಲೆಕ್ಕ ತಪ್ಪಿರಬೇಕು ಎಂದು ಗುಂಟರ್ ಅಂದುಕೊಂಡ. ನಾವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು. 1634ರಲ್ಲಿ ಹೆನ್ರಿ ಗೆಲ್ಲಿಬ್ರಾಂಡ್ ಅಳೆದಾಗ 4 ಡಿಗ್ರಿ ಬಂತು. ಮೂವರೂ ಸರಿಯಾಗಿಯೇ ಅಳೆದಿದ್ದಾರೆ, ಬದಲಾಗಿರುವುದು ಭೂಮಿ ಎಂದು ಮರುವರ್ಷ ಪ್ರಕಟಿಸುವ ಧೈರ್ಯ ಅವನದು. ಈ ಕಥೆಯಲ್ಲಿ ನನಗೆ ಧ್ರುವಯಾತ್ರಿಗಳಿಗಿಂತ ದೊಡ್ಡವನಾಗಿ ಕಾಣುವುದು ಇವನೇ.

ಸೂಜಿ ಮುಂದೆಯೂ ನಿಲ್ಲಲಿಲ್ಲ. 1660ರ ಆಸುಪಾಸಿನಲ್ಲಿ ಲಂಡನ್ನಿನ ಓರೆ ಸೊನ್ನೆಯಾಯಿತು. ಆಮೇಲೆ ಪಡುವಣಕ್ಕೆ ವಾಲುತ್ತಾ ಹೋಗಿ 1820ರ ಹೊತ್ತಿಗೆ 24 ಡಿಗ್ರಿ ಮುಟ್ಟಿ, ಅಲ್ಲಿಂದ ಹಿಂದಿರುಗತೊಡಗಿತು. 2019ರಲ್ಲಿ ಗ್ರೀನಿಚ್‌ನಲ್ಲಿ ಸೂಜಿ ಮತ್ತೆ ನಿಜ ಉತ್ತರವನ್ನೇ ತೋರಿತು. ಒಂದು ಆಟದ ಲೆಕ್ಕ ಮಾಡಿ ನೋಡಿ. ಹೀಥ್ರೂವಿನ ಎರಡೂ ರನ್‌ವೇಗಳು ಹೆಚ್ಚುಕಡಿಮೆ ನೇರ ಮೂಡಣ-ಪಡುವಣ. ಅವು ಬರೋನ ಕಾಲದಲ್ಲಿ ಇದ್ದಿದ್ದರೆ ಪಡುವಣದ ಅಂಕಿ 26 ಇರುತ್ತಿತ್ತು, 1660ರಲ್ಲಿ 27, 1820ರಲ್ಲಿ 29. ನಿಜಕ್ಕೂ ಕಟ್ಟಿದಾಗ, ಅಂದರೆ ಎರಡನೇ ಮಹಾಯುದ್ಧದ ನಂತರದ ದಿನಗಳಲ್ಲಿ, ಅದು 28 ಆಗಿತ್ತು. 1987ರಲ್ಲಿ 27 ಎಂದು ಬದಲಿಸಿದರು.

ಪತ್ರಿಕೆಗಳು ಇಂಥ ಸುದ್ದಿಗೆ ಕೊಡುವ ತಲೆಬರಹ ಒಂದೇ: ಉತ್ತರ ಧ್ರುವ ಓಡುತ್ತಿದೆ. ಓಡುತ್ತಿರುವುದು ನಿಜ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಕೆನಡಾದ ಬೂಥಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿದ ಕಾಂತೀಯ ಧ್ರುವ, 1904ರಲ್ಲಿ ಅಮುಂಡ್ಸೆನ್ ಹುಡುಕಿಕೊಂಡು ಹೋದಾಗ ಜಾಗ ಬದಲಿಸಿತ್ತು. 20ನೇ ಶತಮಾನದ ಬಹುಪಾಲು ವರ್ಷಕ್ಕೆ 10-15 ಕಿಲೋಮೀಟರ್ ಜಾರುತ್ತಿದ್ದದ್ದು 1990ರ ದಶಕದ ನಂತರ 50 ದಾಟಿ ಸೈಬೀರಿಯಾದ ಕಡೆ ಹೊರಟಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ಜಾಗತಿಕ ಕಾಂತೀಯ ಮಾದರಿಯನ್ನು ಅವಧಿಗೆ ಮೊದಲೇ, 2019ರ ಫೆಬ್ರವರಿಯಲ್ಲಿ, ತಿದ್ದಬೇಕಾಯಿತು. ಆದರೆ ಸೂಜಿ ನೇರವಾಗಿ ಆ ಧ್ರುವಕ್ಕೆ ಗುರಿಯಿಟ್ಟು ನಿಲ್ಲುವುದಿಲ್ಲ, ತಾನಿರುವ ಜಾಗದ ಕಾಂತಕ್ಷೇತ್ರ ಎಳೆದತ್ತ ತಿರುಗುತ್ತದೆ. ಅದಕ್ಕೇ ಸ್ಟ್ಯಾನ್‌ಸ್ಟೆಡ್‌ನಲ್ಲಿ ಅಂಕಿ ಇಳಿಯಿತು, ಟ್ಯಾಂಪಾದಲ್ಲಿ ಏರಿತು. ನಮ್ಮ ಕಾಲಕೆಳಗೆ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಸುಳಿಯುತ್ತಿದೆ. ಆ ಸುಳಿಗಳು ಬದಲಾದಂತೆ ಕ್ಷೇತ್ರ ಬದಲಾಗುತ್ತದೆ. ಧ್ರುವದ ಓಟವೂ, ಊರೂರಿನ ಓರೆಯೂ ಅದರ ಫಲ.

ಇದನ್ನೆಲ್ಲ ಅಳೆಯುವವರ ತಾಳ್ಮೆಗೆ ಮುಂಬೈಯಲ್ಲೇ ಒಂದು ಸಾಕ್ಷಿಯಿದೆ. ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ಕಾಂತೀಯ ಅಳತೆ ನಡೆದಿತ್ತು. ನಗರಕ್ಕೆ ವಿದ್ಯುತ್ ಟ್ರಾಮ್ ಬರಲಿದೆ ಎಂದಾಗ, ಅದರ ಕರೆಂಟು ಸೂಜಿಯನ್ನು ಕೆಡಿಸುತ್ತದೆಂದು ನಾನಾಭಾಯ್ ಮೂಸ್ ನೇತೃತ್ವದಲ್ಲಿ ವೀಕ್ಷಣಾಲಯವನ್ನು ಅಲಿಬಾಗಿಗೆ ಸಾಗಿಸಲಾಯಿತು. ಕಾಂತಗುಣವಿಲ್ಲದ ಕಲ್ಲಿನಲ್ಲಿ ಕಟ್ಟಡ ಕಟ್ಟಿದರು. ಹಳೆಯ ಅಳತೆಗೂ ಹೊಸದಕ್ಕೂ ಕೊಂಡಿ ತಪ್ಪಬಾರದೆಂದು 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಟ್ರಾಮ್ ಓಡಿದ್ದು 1907ರಲ್ಲಿ.

ಒಂದೆರಡು ಡಿಗ್ರಿಗೆ ಇಷ್ಟು ರಗಳೆ ಏಕೆ ಎನ್ನಿಸಬಹುದು. 2006ರ ಆಗಸ್ಟ್ 27ರ ಬೆಳಗಿನ ಕತ್ತಲಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕಾಮ್ಏರ್ ವಿಮಾನವೊಂದು 22ರಿಂದ ಹಾರಬೇಕಿತ್ತು. ಪೈಲಟ್‌ಗಳು ಅದನ್ನು ಅರ್ಧದಷ್ಟೇ ಉದ್ದದ 26ಕ್ಕೆ ತಿರುಗಿಸಿದರು. ನೆಲ ಬಿಡುವಷ್ಟರಲ್ಲಿ ರನ್‌ವೇ ಮುಗಿದಿತ್ತು. 50 ಜನರಲ್ಲಿ ಬದುಕಿದ್ದು ಒಬ್ಬರು. ಇದಕ್ಕೆ ಧ್ರುವ ಕಾರಣವಲ್ಲ. ನಿಂತ ಜಾಗ ಸರಿಯೇ ಎಂದು ಹಾರುವ ಮುನ್ನ ಪರೀಕ್ಷಿಸದೆ ಹೋದದ್ದು ಕಾರಣ ಎಂದು ತನಿಖೆ ಹೇಳಿತು. ವಿಮಾನದ ಮುಂದಿನ ದಿಕ್ಕಿನ ಸೂಚಕ ಆಗ 22ಕ್ಕೆ ತಕ್ಕದ್ದಕ್ಕಿಂತ ಸುಮಾರು 40 ಡಿಗ್ರಿ ಆಚೆ ತೋರುತ್ತಿತ್ತು. ರನ್‌ವೇ ಅಂಕಿ ಇರುವುದೇ ಈ ಒಂದು ನೋಟಕ್ಕಾಗಿ: ನೆಲದ ಮೇಲಿನ ಬರಹವೂ ಕಣ್ಣೆದುರಿನ ಸೂಚಕವೂ ಒಂದೇ ಮಾತು ಹೇಳಬೇಕು. ಎರಡರ ನಡುವೆ ಸದಾ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಪೈಲಟ್ ಒಗ್ಗಿಹೋದರೆ ಆ ನೋಟಕ್ಕೆ ಬೆಲೆಯಿಲ್ಲ.

ವಿಚಿತ್ರವೆಂದರೆ ಇಂದಿನ ದೊಡ್ಡ ವಿಮಾನಗಳಿಗೆ ಸೂಜಿಯ ಹಂಗೇ ಇಲ್ಲ. ಅವುಗಳ ಗೈರೋ ಉಪಕರಣಗಳು ಭೂಮಿಯ ತಿರುಗುವಿಕೆಯಿಂದಲೇ ನಿಜ ಉತ್ತರವನ್ನು ಕಂಡುಕೊಳ್ಳುತ್ತವೆ. ಆಮೇಲೆ ಕಂಪ್ಯೂಟರು ತನ್ನಲ್ಲಿರುವ ಪಟ್ಟಿ ನೋಡಿ ಆ ಊರಿನ ಓರೆಯನ್ನು ಕೂಡಿಯೋ ಕಳೆದೋ ಪೈಲಟ್‌ಗೆ ಸೂಜಿಯ ಉತ್ತರ ತೋರಿಸುತ್ತದೆ. ಸರಿಯುತ್ತರ ಗೊತ್ತಿದ್ದೂ ಹಳೆಯ ಕ್ರಮದಲ್ಲಿ ಬರೆದು ತೋರಿಸುವ ವಿದ್ಯಾರ್ಥಿಯ ಹಾಗೆ. ಆ ಪಟ್ಟಿಯೂ ಹಳತಾಗುತ್ತದೆ, ಮತ್ತೆ ಪರಿಷ್ಕರಿಸಬೇಕು.

ಹಾಗಿದ್ದರೆ ನಿಜ ಉತ್ತರಕ್ಕೇ ಹೋಗಬಾರದೇಕೆ ಎಂದು ಕೆನಡಾ ಕೇಳುತ್ತಿದೆ. ಧ್ರುವಕ್ಕೆ ಹತ್ತಿರವಾದ್ದರಿಂದ ಅದರ ಉತ್ತರ ಭಾಗದಲ್ಲಿ ಸೂಜಿ ನಂಬಿಕೆಗೆ ಅರ್ಹವಲ್ಲ. ಅಲ್ಲಿನ ರನ್‌ವೇಗಳಿಗೆ ಈಗಾಗಲೇ ನಿಜ ಉತ್ತರದ ಲೆಕ್ಕದಲ್ಲೇ ಅಂಕಿ ಕೊಡುತ್ತಾರೆ. 2030ರ ಹೊತ್ತಿಗೆ ಇಡೀ ಜಗತ್ತು ಹೀಗೆ ಬದಲಾಗಲಿ ಎಂಬುದು ಅವರ ಪ್ರಸ್ತಾಪ. ನನಗೆ ಈ ವಾದ ಸರಿ ಕಾಣುತ್ತದೆ, ಆದರೆ ಹೊರೆ ಎಲ್ಲರಿಗೂ ಸಮನಲ್ಲ. ದಿಕ್ಸೂಚಿಯೊಂದನ್ನೇ ನಂಬಿದ ಸಣ್ಣ ವಿಮಾನದವರು ಓರೆಯ ಲೆಕ್ಕವನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ. ಮುಂಬೈ, ಬೆಂಗಳೂರು, ದೆಹಲಿಗಳಲ್ಲಿ ಓರೆ ಒಂದೆರಡು ಡಿಗ್ರಿಯ ಒಳಗೇ ಇರುವುದರಿಂದ ನಮ್ಮ ಹೆಚ್ಚಿನ ಅಂಕಿಗಳು ಉಳಿದಾವು, ತಿದ್ದುವ ಕೆಲಸ ನಕ್ಷೆಗಳಿಗೆ ಮಾತ್ರ. ಅಮೆರಿಕದ ಸಿಯಾಟಲ್‌ನಲ್ಲಿ ಹಾಗಲ್ಲ. ಅಲ್ಲಿಯ ಮೂರೂ ರನ್‌ವೇಗಳನ್ನು ನೇರ ಉತ್ತರ-ದಕ್ಷಿಣಕ್ಕೆ ಹಾಕಿದ್ದಾರೆ, ಆದರೆ ಸೂಜಿಯ ಓರೆಯಿಂದಾಗಿ ಅವುಗಳ ಮೇಲಿರುವ ಅಂಕಿಗಳು 16 ಮತ್ತು 34. ಪ್ರಸ್ತಾಪ ಜಾರಿಗೆ ಬಂದರೆ ಅವು 18 ಮತ್ತು 36 ಆಗುತ್ತವೆ.