ತುಂಗಭದ್ರೆಗೆ ತಕ್ಕ ಹರಿಗೋಲು

ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಹರಿಹರವನ್ನು ಹಾದು ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ಮೂಡಣ ಅಂಚಿಗೆ ಬರುವ ಹೊತ್ತಿಗೆ ನದಿಯ ಪಾತ್ರ ಅಗಲವಾಗಿರುತ್ತದೆಯೇ ಹೊರತು ಎಲ್ಲೆಡೆ ಆಳವಾಗಿರುವುದಿಲ್ಲ. ಮುಂಗಾರಿನಲ್ಲಿ ದಂಡೆ ಮುಟ್ಟುವ ಕೆನ್ನೀರಿನ ಸೆಳವು, ಬೇಸಿಗೆಯಲ್ಲಿ ಬಂಡೆ ಮತ್ತು ಮರಳದಿನ್ನೆಗಳ ನಡುವೆ ಉಳಿಯುವ ತೆಳುನೀರು, ಇವೆರಡಕ್ಕೂ ಒಗ್ಗುವ ವಾಹನವಾಗಿ ಇಲ್ಲಿನವರು ಆರಿಸಿಕೊಂಡದ್ದು ಹರಿಗೋಲನ್ನು, ಅಂದರೆ ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು ಹೊರಮೈಗೆ ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಯನ್ನು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ನದಿಯ ಕೆಳಹರಿವಿನಲ್ಲಿ ಹದಿನೈದಿಪ್ಪತ್ತು ಜನರನ್ನು ಹೊರುವ ಹರಿಗೋಲುಗಳಿದ್ದವೆಂದೂ, ಅವು ನೇರವಾಗಿ ಸಾಗದೆ ಸದಾ ಸುತ್ತುತ್ತಿದ್ದವೆಂದೂ ಬರೆದಿದ್ದಾನೆ. ಕಡಲ ಹಡಗುಗಳನ್ನು ಬಲ್ಲವನಿಗೆ ಇದು ಕೊರತೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸುತ್ತಾಟಕ್ಕೆ ಕಾರಣವಾದ ರಚನೆಯೇ ಈ ನದಿಯಲ್ಲಿ ಅನುಕೂಲವೂ ಆಗಿತ್ತು: ಅಗಲವಾದ ಚಪ್ಪಟೆ ತಳ ಭಾರವನ್ನು ಹರಡುವುದರಿಂದ ಹರಿಗೋಲು ನೀರಿನಲ್ಲಿ ಹೆಚ್ಚು ಮುಳುಗುವುದಿಲ್ಲ, ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಸೆಳವಿಗೆ ಸಿಕ್ಕರೆ ಯಾವ ಮಗ್ಗುಲನ್ನಾದರೂ ಮುಂದು ಮಾಡಿಕೊಳ್ಳಬಹುದು. ಇಂಥದೇ ತರ್ಕ ಇಂದು ಮೂಲ್ಕಿಯ ಕಡಲತೀರದಲ್ಲಿಯೂ ಕಾಣುತ್ತದೆ. ಅಲ್ಲಿ 2004ರ ಸುಮಾರಿಗೆ ಬೇರೂರಿದ ಸರ್ಫಿಂಗಿನಲ್ಲಿ, ಎಂದರೆ ಹಲಗೆಯ ಮೇಲೆ ನಿಂತು ಅಲೆಯ ಇಳಿಜಾರಿನಲ್ಲಿ ಜಾರುವ ಆಟದಲ್ಲಿ, ದಿನನಿತ್ಯದ ಸಣ್ಣ ಅಲೆಗಳಿಗೆ ಸಪೂರವಾದ ಚೂಪು ಹಲಗೆಗಿಂತ ಅಗಲವೂ ದಪ್ಪವೂ ಆದ, ಕಡಿಮೆ ಬಾಗಿನ ಹಲಗೆಯೇ ಮೇಲು, ಏಕೆಂದರೆ ಬಲವಿಲ್ಲದ ನೀರು ಅದನ್ನೇ ಸುಲಭವಾಗಿ ಎತ್ತಿ ಒಯ್ಯಬಲ್ಲದು.

ಹರಿಗೋಲನ್ನು ಹುಟ್ಟು ಹಾಕಿ ನಡೆಸುವ ಅಂಬಿಗರ ಕಾಯಕಕ್ಕೆ ಈ ದಂಡೆಯಲ್ಲಿ ಸಂದ ಗೌರವ ಸಾಮಾನ್ಯವಾದದ್ದಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಇಂದಿಗೂ ಹೊತ್ತಿದೆ. ಮುಕ್ತೇಶ್ವರ ದೇಗುಲವಿರುವ ಆ ಊರು ನದಿಯ ದಡದಲ್ಲಿಯೇ ಇದೆ. ವಚನದ ಕೊನೆಯಲ್ಲಿ ಬರುವ ಅಂಕಿತಕ್ಕೆ, ಅಂದರೆ ಕರ್ತೃವನ್ನು ಸೂಚಿಸುವ ಮುದ್ರೆಗೆ, ಬಹುತೇಕ ಶರಣರು ಇಷ್ಟದೈವದ ಹೆಸರನ್ನು ಬಳಸಿದರೆ ಚೌಡಯ್ಯ ಕಸುಬಿನೊಡನೆ ಬೆಸೆದ ತನ್ನ ಹೆಸರನ್ನೇ ಬಳಸಿದ್ದಾನೆ.

ಹರಿಗೋಲಿನ ಬೆಲೆಯನ್ನು ಸೈನ್ಯಗಳೂ ಅರಿತಿದ್ದವು. ಬ್ರಿಟಿಷರ ವಿರುದ್ಧ ಬಂಡೆದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಉಕ್ಕಿದ ತುಂಗಭದ್ರೆಯನ್ನು ಹರಿಹರದ ಬಳಿ ಬಹಳ ಪ್ರಯಾಸದಿಂದ ದಾಟಿ, 27ರಂದು ರಾಣೆಬೆನ್ನೂರಿನ ಕೋಟೆಯನ್ನು ಹಿಡಿದನು. 1803ರಲ್ಲಿ ಅವನ ದಂಡು ಮತ್ತೆ ಉತ್ತರಕ್ಕೆ ಹೊರಟಾಗ ಹಾವನೂರಿನ ಬಳಿ ನದಿಯನ್ನು ದಾಟಿತು. ಮುಂದಿನ ನದಿಗಳಿಗಾಗಿ ಬುಟ್ಟಿದೋಣಿಗಳನ್ನು ಮೊದಲೇ ಮಾಡಿಸಿಡುವುದು ಅವನ ಯೋಜನೆಯ ಭಾಗವಾಯಿತು, ಏಕೆಂದರೆ ಮಳೆಗಾಲದಲ್ಲಿ ದೋಣಿಯಿಲ್ಲದ ಕುದುರೆ ದಂಡು ಹೊಳೆಯಾಚೆಯೇ ಉಳಿಯಬೇಕಾಗುತ್ತದೆಂಬುದು ಅವನಿಗೆ ತಿಳಿದಿತ್ತು. ಫಿರಂಗಿಗಳಷ್ಟೇ ಬಿದಿರು ಮತ್ತು ತೊಗಲನ್ನೂ ನೆಚ್ಚಿದ ಈ ಸೇನಾಪತಿಯ ಲೆಕ್ಕಾಚಾರ ಯುದ್ಧದ ಇತಿಹಾಸಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಿತ್ತು.

ಹರಿಹರದ ಸೇತುವೆ 1868ರಲ್ಲಿ ಮುಗಿದ ಮೇಲೆ ದೂರದ ಸಾಗಾಟ ಕಡವುಗಳನ್ನು, ಎಂದರೆ ಹೊಳೆ ದಾಟುವ ನೆಲೆಗಳನ್ನು, ತೊರೆಯತೊಡಗಿತು. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಬಂದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿತು. ಹೊಳೆಯಿಂದ ದೂರವಿದ್ದ ಬ್ಯಾಡಗಿಯ ಮೆಣಸಿನಕಾಯಿಗೆ ರೈಲೇ ನೆರವಾಯಿತು. ಹರಿಗೋಲು ಮೀನುಗಾರರಿಗೂ ಎದುರುಬದುರಿನ ದಂಡೆಯ ಹಳ್ಳಿಗಳಿಗೂ ಉಳಿಯಿತು. ನೆನೆದರೆ ಭಾರವಾಗಿ, ಒಣಗಿಸದಿದ್ದರೆ ಕೊಳೆಯುತ್ತಿದ್ದ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು, ಬಿದಿರಿನ ಹೆಣಿಗೆಯೂ ದುಂಡನೆಯ ಆಕಾರವೂ ಮಾತ್ರ ಹಾಗೆಯೇ ಮುಂದುವರಿದವು.