ಪ್ಯಾರಾಚೂಟ್ ಬಿಚ್ಚೋದು ಸೈನಿಕನ ಕೈಯಲ್ಲ: ಸೇನೆಯ ಸ್ಟ್ಯಾಟಿಕ್ ಲೈನ್ ಜಂಪ್ ಹೀಗಿರುತ್ತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಸೇನೆ ಸೇರಬೇಕೆಂದು ಬೆಳಗಿನ ಜಾವ ಓಡುವ ಹುಡುಗರಿಗೆ ‘ಪ್ಯಾರಾ’ ಅಂದರೆ ಒಂಥರಾ ಸೆಳೆತ. ಸಿನಿಮಾ ನೋಡಿದವರ ಲೆಕ್ಕದಲ್ಲಿ ಅದು ಆಕಾಶದಲ್ಲಿ ಕೈಕಾಲು ಚಾಚಿ ತೇಲಿ, ಕೊನೆಗೆ ಹಗ್ಗ ಎಳೆಯೋ ಸಾಹಸ. ಅಂಥ ಜಿಗಿತವೂ ಇದೆ, ಅದಕ್ಕೆ ಫ್ರೀ ಫಾಲ್ ಅಂತಾರೆ. ಆದರೆ ಪ್ಯಾರಾ ಸೈನಿಕರು ಮೊದಲು ಕಲಿಯೋದು ಸ್ಟ್ಯಾಟಿಕ್ ಲೈನ್ ಜಂಪ್. ಇದರಲ್ಲಿ ಪ್ಯಾರಾಚೂಟ್ ಬಿಚ್ಚೋದು ಸೈನಿಕನ ಕೆಲಸವೇ ಅಲ್ಲ.

ವಿಮಾನದೊಳಗೆ ಉದ್ದಕ್ಕೂ ಒಂದು ಉಕ್ಕಿನ ಕೇಬಲ್ ಕಟ್ಟಿರುತ್ತೆ. ಸೈನಿಕನ ಬೆನ್ನಿನ ಪ್ಯಾರಾಚೂಟಿನಿಂದ ಹೊರಟ ಪಟ್ಟಿಯ ಕೊಕ್ಕೆಯನ್ನು ಆ ಕೇಬಲ್‌ಗೆ ಸಿಕ್ಕಿಸುತ್ತಾರೆ. ಈ ಪಟ್ಟಿಯೇ ಸ್ಟ್ಯಾಟಿಕ್ ಲೈನ್. ಹಸಿರು ದೀಪ ಹತ್ತಿದ ಕೂಡಲೇ ಒಬ್ಬರ ಹಿಂದೊಬ್ಬರು ಹಾರುತ್ತಾರೆ. ಪಟ್ಟಿ ಬಿಗಿಯಾಗಿ ಚೀಲದಿಂದ ಬಟ್ಟೆಯನ್ನು ಎಳೆದು ಬಿಡುತ್ತೆ, ಕೆಲವೇ ಸೆಕೆಂಡಲ್ಲಿ ಗಾಳಿ ತುಂಬಿ ಛತ್ರಿ ಅರಳುತ್ತೆ. ಸೈನಿಕ ಸೆಕೆಂಡು ಎಣಿಸಿ ತಲೆ ಎತ್ತಿ ನೋಡಬೇಕು. ಅರಳಿಲ್ಲ ಅಂದರೆ ಹೊಟ್ಟೆ ಮೇಲಿನ ರಿಸರ್ವ್ ಪ್ಯಾರಾಚೂಟ್ ಎಳೆಯಬೇಕು.

ಯೋಚನೆಗೆ ಟೈಮೇ ಇರಲ್ಲ. ತರಬೇತಿಯಲ್ಲಿ ಹಾರುವ ಎತ್ತರ ಸಾಮಾನ್ಯವಾಗಿ 1,250 ಅಡಿ, ಅಂದರೆ ತುಂಗಭದ್ರಾ ಡ್ಯಾಮಿನ ಎತ್ತರದ ಏಳೆಂಟು ಪಟ್ಟು. ಯಾವ ಛತ್ರಿಯೂ ಬಿಚ್ಚದಿದ್ದರೆ ನೆಲಕ್ಕೆ ಹತ್ತೇ ಸೆಕೆಂಡಿನ ದಾರಿ. ಬಿಚ್ಚಿದರೆ ಸುಮಾರು ಒಂದು ನಿಮಿಷ. ಇಷ್ಟು ಕೆಳಗಿನಿಂದ ಹಾರಿಸೋದಕ್ಕೂ ಕಾರಣ ಇದೆ: ಗಾಳಿಯಲ್ಲಿ ತೂಗಾಡುವ ಸೈನಿಕ ಶತ್ರುವಿನ ಗುರಿಗೆ ಸುಲಭ ತುತ್ತು, ಮೇಲಿಂದ ಹಾರಿದಷ್ಟೂ ತಂಡ ಚದುರುತ್ತೆ.

ಇನ್ನು ಹೊರೆ. ಅಮೆರಿಕ ಸೇನೆಯ ಟಿ-11 ಪ್ಯಾರಾಚೂಟು ರಿಸರ್ವ್ ಸೇರಿ ಸುಮಾರು 24 ಕಿಲೋ. ಅದರ ಮೇಲೆ ಬಂದೂಕು, ಗುಂಡು, ನೀರು, ಊಟ, ಕೆಲವರಿಗೆ ರೇಡಿಯೋ ಬೇರೆ. ಎಲ್ಲ ಸೇರಿದರೆ ಒಂದು ಸಿಮೆಂಟ್ ಚೀಲದ ತೂಕ ದಾಟುತ್ತೆ. ಚೀಲ ಹೊರುವ ಹಮಾಲರಿಗೆ ಇದು ಎಂಥ ಭಾರ ಅಂತ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಇಷ್ಟೇ: ಬೆನ್ನು ಪ್ಯಾರಾಚೂಟಿಗೆ ಮೀಸಲು, ಹಾಗಾಗಿ ಸಾಮಾನಿನ ಚೀಲ ಮುಂದೆ ತೊಡೆ ಹತ್ತಿರ ನೇತಾಡುತ್ತೆ, ಬಂದೂಕು ಪಕ್ಕಕ್ಕೆ. ವಿಮಾನದ ಬಾಗಿಲಿಗೆ ಕುಂಟುತ್ತಾ ಹೋಗಬೇಕು. ನೆಲ ಹತ್ತಿರವಾದಾಗ ಚೀಲವನ್ನು ಹಗ್ಗದ ಮೇಲೆ ಕೆಳಗೆ ಬಿಡುತ್ತಾರೆ. ಅದು ಮೊದಲು ನೆಲ ಮುಟ್ಟಿದರೆ ಆ ಭಾರ ಕಾಲಿನ ಮೇಲೆ ಬೀಳಲ್ಲ.

ಆದರೂ ಪೆಟ್ಟು ಪೆಟ್ಟೇ. ಟಿ-11 ಇಳಿಯುವ ವೇಗ ಸೆಕೆಂಡಿಗೆ 19 ಅಡಿ, ಐದೂವರೆ ಅಡಿ ಗೋಡೆಯಿಂದ ಜಿಗಿದ ಹಾಗೆ. ಎರಡೂ ಪಾದ ಜೋಡಿಸಿ, ಮಂಡಿ ತುಸು ಮಡಚಿ, ಮೀನಖಂಡ, ತೊಡೆ, ಪಕ್ಕೆ ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗುವಂತೆ ಉರುಳಬೇಕು. ಕಾಲು ಅಗಲಿಸಿ ನಿಲ್ಲೋಕೆ ಹೋದವರ ಹಿಮ್ಮಡಿಗಂಟು ಉಳಿಯೋದು ಕಷ್ಟ. ನೆಲದ ಗಾಳಿ ಗಂಟೆಗೆ 24 ಕಿ.ಮೀ. ದಾಟಿದರೆ ಅಮೆರಿಕದವರು ತರಬೇತಿ ಜಂಪ್ ನಿಲ್ಲಿಸುತ್ತಾರೆ. ಆಷಾಢದ ಗಾಳಿ ಕಂಡ ಈ ಭಾಗದವರಿಗೆ ಅದೇನೂ ದೊಡ್ಡ ಗಾಳಿ ಅನ್ನಿಸಲಿಕ್ಕಿಲ್ಲ!

ಭಾರತದಲ್ಲಿ ಈ ಕೆಲಸ ಶುರುವಾಗಿದ್ದು 1941ರಲ್ಲಿ. ಮೊದಲು ಜಿಗಿದ ಭಾರತೀಯರಲ್ಲಿ ಸೇನಾ ವೈದ್ಯ ಎ.ಜಿ. ರಂಗರಾಜ್ ಒಬ್ಬರು. ಮುಂದೆ ಕೊರಿಯಾ ಯುದ್ಧದಲ್ಲಿ 60 ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಅನ್ನು ಅವರೇ ಮುನ್ನಡೆಸಿದರು. 1951ರ ಮಾರ್ಚಲ್ಲಿ ಆ ಘಟಕದ ತಂಡ ಅಮೆರಿಕದ ಸೈನಿಕರ ಜೊತೆ ಮುನ್ಸಾನ್‌ನಲ್ಲಿ ಇಳಿಯಿತು, ಗಾಯಾಳುಗಳ ಆರೈಕೆಗೆ. 1971ರ ಡಿಸೆಂಬರ್ 11ರಂದು 2 ಪ್ಯಾರಾ ಬೆಟಾಲಿಯನ್ ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಪಡೆಯ ದಾರಿ ಬಂದ್ ಆಯಿತು. ಐದೇ ದಿನಕ್ಕೆ ಢಾಕಾ ಶರಣಾಯಿತು.

ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರೋದು ಬೆಂಗಳೂರಲ್ಲೇ. ಜಿಗಿತ ಕಲಿಸೋದು ಮಾತ್ರ ಆಗ್ರಾದ ವಾಯುಪಡೆ ಶಾಲೆ. ಅಲ್ಲಿ ರಾತ್ರಿಯದೂ ಸೇರಿ ಐದು ಜಂಪ್ ಮುಗಿಸಿದರೆ ಎದೆ ಮೇಲೆ ರೆಕ್ಕೆಯ ಬ್ಯಾಡ್ಜ್. ಕ್ರಿಕೆಟಿಗ ಧೋನಿ 2015ರ ಆಗಸ್ಟಲ್ಲಿ ಅಲ್ಲೇ ಐದು ಜಂಪ್ ಪೂರೈಸಿ ಅದನ್ನು ಪಡೆದರು. ಪ್ಯಾರಾಗೆ ಯಾರನ್ನೂ ಬಲವಂತವಾಗಿ ಹಾಕಲ್ಲ, ಸ್ವಂತ ಇಚ್ಛೆಯಿಂದ ಮುಂದೆ ಬರಬೇಕು, ಕಠಿಣ ಪರೀಕ್ಷಾವಧಿ ದಾಟಬೇಕು. ಅದಕ್ಕೂ ಮೊದಲು ಎಲ್ಲರಂತೆ ಸೇನಾ ಭರ್ತಿಯ 1.6 ಕಿ.ಮೀ. ಓಟ ಇದ್ದೇ ಇದೆ.