ಮನೆಯ ಹಾಡು, ಅಗ್ಗದ ಯಂತ್ರ

ನವರಾತ್ರಿಯ ಸಂಜೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಗೊಂಬೆ ಕೂರಿಸಿದ ಮನೆಗಳಿಗೆ ಹೋದವರಿಗೆ ಈಗ ಒಂದು ದೃಶ್ಯ ಹೊಸದೇನಲ್ಲ. ನಡುಮನೆಯಲ್ಲಿ ಹುಡುಗಿಯೊಬ್ಬಳು ಹಾಡಲು ಕೂತಿರುತ್ತಾಳೆ. ಎದುರಿಗೆ, ಎಂಟು ಹತ್ತು ಅಡಿ ದೂರದಲ್ಲಿ, ಸ್ಟೀಲ್ ಡಬ್ಬಿಗೆ ಒರಗಿಸಿದ ಮೊಬೈಲ್ ಫೋನು. ಹಾಡು ಮುಗಿದ ಮೇಲೆ ಮನೆಮಂದಿಯೆಲ್ಲ ಫೋನಿನ ಸುತ್ತ ಸೇರಿ ನೋಡುತ್ತಾರೆ. ರೇಷ್ಮೆ ಲಂಗದ ಜರಿ ಕೂಡ ಸ್ಪಷ್ಟವಾಗಿ ಕಾಣುತ್ತದೆ, ಹಾಡು ಮಾತ್ರ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಮುಂದಿನ ವರ್ಷಕ್ಕೆ ಒಳ್ಳೆಯ ಕ್ಯಾಮೆರಾ ಇರುವ ಫೋನು ಕೊಳ್ಳಬೇಕು ಎಂದು ಮನೆಯ ಯಜಮಾನರು ತೀರ್ಮಾನಿಸುತ್ತಾರೆ.

ಈ ತೀರ್ಮಾನ ತಪ್ಪು. ಕೆಟ್ಟದ್ದು ಕಿವಿಯ ಕೆಲಸ, ಹಣ ಹೋಗುವುದು ಕಣ್ಣಿಗೆ. ಧ್ವನಿಮುದ್ರಣ ನಮ್ಮ ದೇಶಕ್ಕೆ ಬಂದು 120 ವರ್ಷಗಳಾದವು. ಹಾಡುವವರಿಗೂ ಯಂತ್ರದ ಕಿವಿಗೂ ನಡುವೆ ಎಷ್ಟು ದೂರವಿರಬೇಕು ಎಂಬ ಪ್ರಶ್ನೆಯೇ ಅದರ ಉದ್ದಕ್ಕೂ ಕಾಡಿದ್ದು.

1902ರ ನವೆಂಬರಿನಲ್ಲಿ ಕಲ್ಕತ್ತದ ಒಂದು ಹೋಟೆಲಿನ ಕೋಣೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗೋಹರ್ ಜಾನಳ ಹಾಡನ್ನು ಮುದ್ರಿಸಿಕೊಂಡ. ಆಗ ಮೈಕು ಎಂಬುದಿರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಶಬ್ದದ ಬಲದಿಂದಲೇ ಸೂಜಿ ಅಲುಗಾಡಿ ಮೇಣದ ಮೇಲೆ ಗೆರೆ ಕೊರೆಯಬೇಕು. ಒಂದು ಅಡಿ ಹಿಂದೆ ಸರಿದರೆ ಹಾಡು ಮಾಯ. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ವಿಸ್ತಾರವಾಗಿ ಹಾಡಿ ಅಭ್ಯಾಸವಾದ ಗಾಯಕರು ರಾಗವನ್ನು ಮೂರು ನಿಮಿಷಕ್ಕೆ ಮಡಿಚುವುದನ್ನು ಹೊಸದಾಗಿ ಕಲಿಯಬೇಕಾಯಿತು. ಅದೇ ಗೋಹರ್ ಜಾನ್ ಮುಂದೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅಷ್ಟರಲ್ಲಿ, 1925ರಿಂದೀಚೆಗೆ, ಮೈಕು ಮತ್ತು ವಿದ್ಯುತ್ತಿನ ಮುದ್ರಣ ಬಂದು ಮೆಲುದನಿಗೂ ತಟ್ಟೆಯ ಮೇಲೆ ಜಾಗ ಸಿಕ್ಕಿತ್ತು. ಕೂಗುವುದು ತಪ್ಪಿತು. ಹತ್ತಿರ ಕೂರುವುದು ತಪ್ಪಲಿಲ್ಲ.

ಇದೆಲ್ಲ ಕಂಪನಿಗಳ ಮಾತಾಯಿತು. ಮನೆಯಲ್ಲಿ ಹಾಡುವವರ ಪಾಡೇನು? ಹಿಂದೆ ಬೆಂಕಿಪುರವಾಗಿದ್ದ ಭದ್ರಾವತಿಯನ್ನೇ ತೆಗೆದುಕೊಳ್ಳಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಹಳೆಯ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ. ಕೆಲಸ ಹುಡುಕಿಕೊಂಡು ನಾನಾ ಕಡೆಯಿಂದ ಬಂದವರು ತಮ್ಮ ತಮ್ಮ ಹಾಡುಗಳನ್ನೂ ತಂದರು. ಅವು ದೇವರ ಮನೆಯಲ್ಲಿ, ಹಸೆಮಣೆಯ ಮುಂದೆ, ಶನಿವಾರದ ಭಜನೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತಿದ್ದವು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಜಿಲ್ಲೆಯ ಹಾಡುಗಾರರಿಗೆ ಕೈಗೆಟಕುವ ದೂರದಲ್ಲಿ ಒಂದು ಒಳ್ಳೆಯ ಮೈಕು ಬಂದಿತು. ಆದರೆ ಅದರ ಮುಂದೆ ಕೂರಲು ಧ್ವನಿಪರೀಕ್ಷೆ ಪಾಸಾಗಬೇಕು. ಪಾಸಾದವರ ಹಾಡು ಊರಿಗೆಲ್ಲ ಕೇಳಿಸಿತು. ಆಗದವರ ಹಾಡಿಗೆ, ಅದಕ್ಕಿಂತ ಹೆಚ್ಚಾಗಿ ಪರೀಕ್ಷೆಗೆ ಹೋಗುವ ಯೋಚನೆಯೇ ಬಾರದ ಹೆಂಗಸರ ಹಾಡಿಗೆ, ಅಡುಗೆಮನೆಯೇ ಗತಿ.

ಬಾಗಿಲು ತೆರೆದದ್ದು ಎರಡು ಸಣ್ಣ ವಸ್ತುಗಳು. ಒಂದು, 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ಇಟ್ಟ ಕ್ಯಾಸೆಟ್. ಇದರ ಕಥೆ ಎಲ್ಲರಿಗೂ ಗೊತ್ತು. ಇನ್ನೊಂದರ ಹೆಸರು ಕೇಳಿದವರು ಕಡಿಮೆ: 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮೈಕು. ತೆಳುವಾದ ಪ್ಲಾಸ್ಟಿಕ್ ಹಾಳೆಗೆ ವಿದ್ಯುದಂಶವನ್ನು ಶಾಶ್ವತವಾಗಿ ತುಂಬಿಸಿಡುವ ಉಪಾಯ ಅದು. ಸ್ಟುಡಿಯೋದ ದುಬಾರಿ ಮೈಕು ಮಾಡುವ ಕೆಲಸವನ್ನು ಗುಂಡಿಯ ಗಾತ್ರದ, ಕೆಲವೇ ರೂಪಾಯಿ ಬೆಲೆಯ ವಸ್ತುವೊಂದು ಮಾಡತೊಡಗಿತು. ‘ಟೂ ಇನ್ ಒನ್’ಗಳ ಮೂಲೆಯಲ್ಲಿ ಸಣ್ಣ ತೂತುಗಳ ಹಿಂದೆ ಅಡಗಿ ಕೂತಿರುತ್ತಿದ್ದುದು ಇದೇ.

ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ ‘ನಿತ್ಯೋತ್ಸವ’ ಹೊರಬಂದದ್ದು 1978ರಲ್ಲಿ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಜನ ಅದನ್ನು ಕೇಳಿದರು, ತಿರುಗಿಸಿ ತಿರುಗಿಸಿ ಕಲಿತರು. ಆಮೇಲೆ ಅದೇ ಯಂತ್ರದ ಕೆಂಪು ಗುಂಡಿ ಒತ್ತಿ ತಮ್ಮ ಹಾಡನ್ನು ತಾವೇ ಮುದ್ರಿಸಿಕೊಂಡರು. ಕೇಳುವ ಯಂತ್ರವೇ ಮುದ್ರಿಸುವ ಯಂತ್ರವೂ ಆದದ್ದು ಗ್ರಾಮಫೋನಿಗೆ ಇರದಿದ್ದ ಗುಣ.

ಅಗ್ಗದ ಯಂತ್ರಕ್ಕೆ ಅದರದೇ ಚೇಷ್ಟೆಗಳೂ ಇದ್ದವು. ಶಬ್ದ ಜೋರಾದರೆ ತಾನೇ ತಗ್ಗಿಸುವ, ಕ್ಷೀಣವಾದರೆ ತಾನೇ ಏರಿಸುವ ಏರ್ಪಾಡು ಅದರೊಳಗಿತ್ತು. ಭಾಷಣಕ್ಕೆ ಇದು ಅನುಕೂಲ, ಸಂಗೀತಕ್ಕೆ ಶತ್ರು. ಗಾಯಕಿ ಉಸಿರೆಳೆದುಕೊಳ್ಳಲು ನಿಂತರೆ ಸಾಕು, ಹಿಂದಿದ್ದ ಶ್ರುತಿಪೆಟ್ಟಿಗೆ ಭುಸ್ಸೆಂದು ಮುಂದೆ ಬರುತ್ತದೆ. ಆಕೆ ಮತ್ತೆ ಹಾಡಿದೊಡನೆ ಹಿಂದೆ ಸರಿಯುತ್ತದೆ. ಹಾಡಿನ ಏರಿಳಿತವೆಲ್ಲ ರೋಲರ್ ಉರುಳಿಸಿದ ರಸ್ತೆಯಂತೆ ಸಪಾಟು. ನಮ್ಮ ಮನೆಯ ಒಂದು ಕ್ಯಾಸೆಟ್ಟಿನಲ್ಲಿ ಅಜ್ಜಿಯ ಆರತಿ ಹಾಡಿಗಿಂತ ಕುಕ್ಕರಿನ ಸೀಟಿಯೇ ಹೆಚ್ಚು ಖಚಿತವಾಗಿದೆ. ಅದೂ ಅಲ್ಲದೆ, ಕರೆಂಟು ಹೋಗಿದ್ದ ದಿನ ಬಳಲಿದ ಸೆಲ್ಲುಗಳ ಮೇಲೆ ಮುದ್ರಿಸಿದ್ದರಿಂದ ಟೇಪು ಅಂದು ನಿಧಾನವಾಗಿ ಓಡಿದೆ. ಪೂರ್ತಿ ವೇಗದಲ್ಲಿ ಓಡಿಸಿದಾಗ ಎಪ್ಪತ್ತರ ಅಜ್ಜಿ ಹುಡುಗಿಯ ಶ್ರುತಿಯಲ್ಲಿ ಹಾಡುತ್ತಾರೆ!

ಆಮೇಲೆ ವಿಡಿಯೋ ಬಂದಿತು. ಮದುವೆಮನೆಗಳಲ್ಲಿ ಹೆಗಲ ಮೇಲಿನ ಕ್ಯಾಮೆರಾ, ಕಣ್ಣು ಕುಕ್ಕುವ ದೀಪ. ಧ್ವನಿ ಎಂಬುದು ಕ್ಯಾಮೆರಾದ ಮೂತಿಯಲ್ಲಿದ್ದ ಮೈಕಿಗೆ ಬಿಟ್ಟ ವಿಷಯವಾಯಿತು. ಅದು ಹಿಡಿದುಕೊಟ್ಟದ್ದು ವಾಲಗವನ್ನೂ ಊಟದ ಗದ್ದಲವನ್ನೂ. ಕ್ಯಾಮೆರಾ ಎಲ್ಲಿದೆಯೋ ಮೈಕೂ ಅಲ್ಲಿಯೇ ಇರಬೇಕೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರುಬಿಟ್ಟದ್ದು ಆ ಕಾಲದಲ್ಲಿ ಎಂದು ನನಗೆ ತೋರುತ್ತದೆ. ಚಿತ್ರಕ್ಕೆ ದೂರ ಬೇಕು, ಧ್ವನಿಗೆ ಸಮೀಪ ಬೇಕು. ಎರಡನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿದರೆ ಒಂದು ಸೋಲಲೇಬೇಕು.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಹಾಡುವವರಿಂದ ಮೈಕಿನ ದೂರ ಎರಡರಷ್ಟಾದರೆ ನೇರವಾಗಿ ಬಂದು ತಲುಪುವ ಧ್ವನಿಯ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಗೆ, ರೆಡ್ ಆಕ್ಸೈಡ್ ನೆಲಕ್ಕೆ ಬಡಿದು ಮರಳುವ ಸದ್ದು ಮಾತ್ರ ಕೋಣೆಯ ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ ಸಮ. ಎಂಟು ಅಡಿ ದೂರದ ಫೋನು ಕೇಳಿಸಿಕೊಳ್ಳುವುದು ಹುಡುಗಿಯನ್ನಲ್ಲ, ಕೋಣೆಯನ್ನು. ಬಾವಿಯ ದನಿ ಎಂದೆವಲ್ಲ, ಅದು ಇದೇ. ಎಷ್ಟು ಬೆಲೆಯ ಕ್ಯಾಮೆರಾ ತಂದರೂ ಇದು ಬದಲಾಗದು.

ಹಾಗಾದರೆ ಏನು ಕೊಳ್ಳಬೇಕು? ಮೊದಲು ಮೈಕು, ಆಮೇಲೆ ಫೋನು ನಿಲ್ಲಿಸುವ ಸ್ಟ್ಯಾಂಡು, ಕ್ಯಾಮೆರಾ ಕಟ್ಟಕಡೆಗೆ. ಕೊರಳ ಬಳಿ ಸಿಕ್ಕಿಸುವ ತಂತಿಯ ಮೈಕು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಅದರೊಳಗಿರುವುದೂ ಸಾಮಾನ್ಯವಾಗಿ ಎಲೆಕ್ಟ್ರೆಟ್ ಗುಂಡಿಯೇ. ಒಬ್ಬರೇ ಹಾಡುವುದಾದರೆ ಇಷ್ಟು ಸಾಕು. ಪಿಟೀಲು, ಮೃದಂಗಗಳೂ ಇದ್ದರೆ ಹತ್ತು ಸಾವಿರದ ಆಸುಪಾಸಿಗೆ ದೊರೆಯುವ, ಅಂಗೈಯಗಲದ ಧ್ವನಿಮುದ್ರಕವನ್ನು ಗಾಯಕರಿಂದ ಎರಡು ಮೂರು ಅಡಿ ದೂರದಲ್ಲಿ, ಮೃದಂಗದಿಂದ ಕೊಂಚ ಮುಖ ತಿರುಗಿಸಿ ಇಡುವುದು ಲೇಸು. ಅದನ್ನು ಕೊಳ್ಳುವಾಗ ಮಟ್ಟವನ್ನು ಕೈಯಿಂದ ಹೊಂದಿಸಲು ಬರುತ್ತದೆಯೇ ಎಂದು ಕೇಳಿ. ಹಳೆಯ ಟೂ ಇನ್ ಒನ್ನಿನ ಚೇಷ್ಟೆ ಇಂದಿನ ಫೋನುಗಳಲ್ಲೂ ಉಳಿದಿದೆ. ಚಿತ್ರ ಬೇರೆ, ಧ್ವನಿ ಬೇರೆ ಆದಾಗ ಎರಡನ್ನೂ ಕೂಡಿಸುವುದು ಹೇಗೆಂಬ ಚಿಂತೆ ಬೇಡ. ಎರಡೂ ಓಡತೊಡಗಿದ ಮೇಲೆ ಒಮ್ಮೆ ಚಪ್ಪಾಳೆ ತಟ್ಟಿ, ಆ ಸದ್ದನ್ನು ಗುರುತಿಟ್ಟು ಜೋಡಿಸಿದರಾಯಿತು. ಸಿನಿಮಾದವರ ಕ್ಲ್ಯಾಪ್ ಹಲಗೆ ಮಾಡುವುದು ಇದನ್ನೇ.

ದುಡ್ಡು ಕೇಳದ ಸಲಕರಣೆಗಳೂ ಉಂಟು: ಗೋಡೆಗೆ ಕಂಬಳಿ, ನೆಲಕ್ಕೆ ಜಮಖಾನೆ, ನಿಲ್ಲಿಸಿದ ಫ್ಯಾನು, ಕಿಟಕಿಯ ಹಗಲು ಬೆಳಕು. ಮಲೆನಾಡಿನ ಅಂಚಿನ ಈ ಊರಲ್ಲಿ ಆಷಾಢದ ಮಳೆ ತಗಡಿನ ಮೇಲೆ ಸುರಿಯುವಾಗ ಮಾತ್ರ ಯಾವ ಮೈಕೂ ಉಪಯೋಗವಿಲ್ಲ.

ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕವನ್ನು ಇಲ್ಲಿ ನೆನೆಯಬೇಕು. ಗಮಕದಲ್ಲಿ ಇಬ್ಬರು: ಒಬ್ಬರು ಕಾವ್ಯ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಒಂದು ಹಾಡಿನ ದನಿ, ಒಂದು ಮಾತಿನ ದನಿ. ನಡುವೆ ಒಂದೇ ಮೈಕಿಟ್ಟು ಯಂತ್ರಕ್ಕೆ ಬಿಟ್ಟರೆ ಎರಡೂ ಒಂದೇ ಎತ್ತರಕ್ಕೆ ಬಂದು ಸ್ವಾರಸ್ಯ ಕೆಡುತ್ತದೆ. ಇಬ್ಬರಿಗೂ ಒಂದೊಂದು ಮೈಕು ಬೇಕೇ ಬೇಕು. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷ ಅವರು ತೀರಿಕೊಂಡರು. ಅವರ ವಾಚನ ಮುದ್ರಣದಲ್ಲಿ ಉಳಿದಿದೆ. ಹೆಸರಾಗದೆ ಮನೆಯ ಜಗುಲಿಯಲ್ಲಿ ಓದಿದವರದು ಉಳಿದಿದ್ದರೆ ಯಾವುದೋ ಅಟ್ಟದ ಪೆಟ್ಟಿಗೆಯಲ್ಲಿ, ಬೂಷ್ಟು ಹಿಡಿದ ಕ್ಯಾಸೆಟ್ಟಿನಲ್ಲಿ.

ಗೋಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಲೆಂದು ಈ ಏರ್ಪಾಡು. ನಮ್ಮ ಮನೆಯ ಕ್ಯಾಸೆಟ್ಟಿನ ಮೇಲೆ ಬರೆದಿರುವುದು ‘ಭಜನೆ, ಬಿ ಸೈಡ್’ ಎಂದಷ್ಟೇ. ಅಜ್ಜಿಯ ಹಾಡು ಮುಗಿದ ಮೇಲೆ ಇನ್ನೊಬ್ಬ ಹೆಂಗಸು ಎರಡು ದೇವರನಾಮ ಹಾಡುತ್ತಾರೆ, ಅಜ್ಜಿಗಿಂತ ಚೆನ್ನಾಗಿ. ಪಕ್ಕದ ಮನೆಯವರೋ, ವರ್ಗವಾಗಿ ಹೋದ ಕಾರ್ಖಾನೆಯ ನೌಕರರೊಬ್ಬರ ಹೆಂಡತಿಯೋ? ಆ ದನಿಯನ್ನು ಗುರುತಿಸಬಲ್ಲವರು ಈಗ ಮನೆಯಲ್ಲಿ ಯಾರೂ ಇಲ್ಲ.